ಮ್ಯಾಪಿನಲ್ಲಿ ನಮ್ಮ ಅಂಗಡಿ ಎಲ್ಲಿ?

ಕಳೆದ ಬೇಸಿಗೆ ರಜೆಯಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ ಬನ್ನೇರುಘಟ್ಟದಲ್ಲಿ ಹುಲಿ, ಸಿಂಹ ಎಲ್ಲ ನೋಡಿ ಹಿಂದಿರುಗುವಾಗ ಅಂಜನಾಪುರದ ದಾರಿ ಹಿಡಿದಿತ್ತು. ಮಕ್ಕಳಿಗೆ ಹಸಿವು. ಫೋನಿನಲ್ಲಿ ಹಲಾಲ್ ಹೋಟೆಲ್ ಹುಡುಕಿ, ಮ್ಯಾಪ್ ತೋರಿಸಿದ ಜಾಗಕ್ಕೆ ಹೋದರೆ ಶಟರ್ ಎಳೆದ ಮಳಿಗೆ. ಹೋಟೆಲ್ ಅಲ್ಲಿಂದ ಖಾಲಿಯಾಗಿ ಎರಡು ವರ್ಷ ಆಗಿತ್ತು. ಎರಡು ಅಡ್ಡರಸ್ತೆ ಆಚೆ ಅದೇ ಹೋಟೆಲ್ ಚೆನ್ನಾಗಿಯೇ ನಡೆಯುತ್ತಿದೆ, ಆದರೆ ಹೊಸ ಜಾಗ ಮ್ಯಾಪಿನಲ್ಲಿಲ್ಲ. ಕೊನೆಗೆ ಅವರು ಮಸೀದಿಗೆ ಬಂದು ನಮ್ಮನ್ನು ಕೇಳಿದರು. ನಾವು ಮದ್ರಸದ ಒಬ್ಬ ಹುಡುಗನನ್ನು ಜೊತೆಗೆ ಕಳಿಸಿದೆವು.

ಅವತ್ತು ಹುಡುಗ ಇದ್ದ, ಸರಿ. ದಾರಿ ಕೇಳದೆ ಹಾಗೇ ಹೊರಟುಹೋದವರು ಎಷ್ಟು ಮಂದಿಯೋ!

ಅಂಜನಾಪುರ ಎಂದರೆ ಕನಕಪುರ ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ ಇರುವ ಊರು. 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ಮೆಟ್ರೊ ಈ ಕಡೆಗೆ ಬಂತು. ಯೋಜನೆಯಲ್ಲಿ ಕೊನೆಯ ನಿಲ್ದಾಣದ ಹೆಸರು ಅಂಜನಾಪುರ ಟೌನ್‌ಶಿಪ್ ಎಂದಿತ್ತು, ಈಗ ಬೋರ್ಡಿನಲ್ಲಿರುವುದು ರೇಷ್ಮೆ ಸಂಸ್ಥೆ. ಊರಿನಿಂದ ಬರುವ ನೆಂಟರಿಗೆ ಅಲ್ಲೇ ಗೊಂದಲ ಶುರು. ಮುಂದೆ ಬಡಾವಣೆಯ ಬ್ಲಾಕು, ಅಡ್ಡರಸ್ತೆಗಳ ಲೆಕ್ಕ ಆಟೋದವರಿಗೇ ಕಷ್ಟ. ಇಂಥ ಜಾಗದಲ್ಲಿ ಮ್ಯಾಪಿನಲ್ಲಿ ಇಲ್ಲದ ಅಂಗಡಿ ಹೊರಗಿನವರ ಮಟ್ಟಿಗೆ ಇಲ್ಲವೇ ಇಲ್ಲ.

ಮ್ಯಾಪನ್ನು ಕಂಪೆನಿಯವರೇ ಬರೆಯುತ್ತಾರೆ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಪೂರ್ತಿ ಹಾಗಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ 2004ರಿಂದ ಸ್ವಯಂಸೇವಕರ ಕೈಯಲ್ಲೇ ಬೆಳೆದದ್ದು. 2008ರಲ್ಲಿ ಗೂಗಲ್ ತಂದ ಮ್ಯಾಪ್ ಮೇಕರ್ ಹಿಂದೆ ಇದ್ದದ್ದು ನಮ್ಮ ಬೆಂಗಳೂರಿನ ಇಂಜಿನಿಯರುಗಳು. ರಸ್ತೆ, ಅಂಗಡಿ, ಆಸ್ಪತ್ರೆಗಳನ್ನು ಜನರೇ ಅದರಲ್ಲಿ ಸೇರಿಸುತ್ತಿದ್ದರು. 2017ರಲ್ಲಿ ಅದು ನಿಂತರೂ ಗೂಗಲ್ ಮ್ಯಾಪಿನಲ್ಲಿ ಯಾರು ಬೇಕಾದರೂ ಹೊಸ ಜಾಗ ಸೇರಿಸಬಹುದು, ತಪ್ಪು ತಿದ್ದಲು ಕೇಳಿಕೊಳ್ಳಬಹುದು. ಪಕ್ಕದ ಕೇರಳದಲ್ಲಿ 2018ರ ಪ್ರವಾಹದ ಹೊತ್ತಿಗೆ ಸ್ವಯಂಸೇವಕರು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ರಸ್ತೆ, ಕಟ್ಟಡಗಳನ್ನು ಗುರುತಿಸಿ ಕೊಟ್ಟಿದ್ದರು. ಅದೇ ನಕ್ಷೆಯಲ್ಲಿ ಹೋಟೆಲಿಗೆ ಹಲಾಲ್ ಎಂದು ಗುರುತು ಹಾಕಲು, ಹೆಸರನ್ನು ಕನ್ನಡದಲ್ಲೇ ಬರೆಯಲು ಬೇರೆ ಜಾಗವೇ ಇದೆ.

ಇದನ್ನೆಲ್ಲ ಹೇಳಿದ್ದೇ ತಡ, ನಮ್ಮ ದೊಡ್ಡ ಹುಡುಗರು ಫೋನ್ ಹಿಡಿದು ಹೊರಟರು. ಹೋಟೆಲ್, ಬೇಕರಿ, ಜ್ಯೂಸ್ ಅಂಗಡಿ, ಮೊಬೈಲ್ ಅಂಗಡಿ ಎಲ್ಲ ಸೇರಿಸಿದರು. ಉತ್ಸಾಹದಲ್ಲಿ ಒಂದು ತಪ್ಪೂ ಆಯಿತು. ಮನೆಯಲ್ಲೇ ಪತ್ತಿರ್, ಕಲ್ತಪ್ಪ ಮಾಡಿ ಆರ್ಡರ್ ಕೊಡುವ ಒಬ್ಬ ತಾಯಿ ಇದ್ದಾರೆ. ಗಂಡ ಗಲ್ಫಿನಲ್ಲಿ. ಒಳ್ಳೆಯದಾಗಲಿ ಎಂದೇ ಹುಡುಗರು ಅವರ ಮನೆಯನ್ನೂ ನಂಬರನ್ನೂ ಮ್ಯಾಪಿಗೆ ಹಾಕಿಬಿಟ್ಟರು. ಅವರನ್ನು ಒಂದು ಮಾತು ಕೇಳಲಿಲ್ಲ. ರಾತ್ರಿ ಹತ್ತು ಗಂಟೆಗೆ ಗುರುತಿಲ್ಲದ ಗಂಡಸರು ಬಾಗಿಲ ಬೆಲ್ ಒತ್ತಿದಾಗಲೇ ಅವರಿಗೆ ವಿಷಯ ಗೊತ್ತಾದದ್ದು. ಮರುದಿನ ನಾವೇ ಹುಡುಗರನ್ನು ಕರೆದುಕೊಂಡು ಹೋಗಿ ಕ್ಷಮೆ ಕೇಳಿದೆವು. ಆ ತಾಯಿ ಬೈಯಲಿಲ್ಲ. "ಉಸ್ತಾದೇ, ಮೊದಲೇ ಕೇಳಿದ್ದರೆ ಮನೆ ತೋರಿಸದೆ ಹಾಕಿ ಅಂತ ಹೇಳುತ್ತಿದ್ದೆ" ಎಂದರು ಅಷ್ಟೆ. ನಮಗೆ ಬೈದದ್ದಕ್ಕಿಂತ ಹೆಚ್ಚಾಯಿತು.

ಹಾಗೆ ಹಾಕಲು ದಾರಿಯೂ ಇದೆ. ಮಾಲಕರೇ ಗೂಗಲಿನಲ್ಲಿ ವ್ಯಾಪಾರದ ಪ್ರೊಫೈಲ್ ಮಾಡಿದರೆ ಮನೆಗೆ ತಲುಪಿಸುವ ವ್ಯಾಪಾರಕ್ಕೆ ವಿಳಾಸ ಮರೆಮಾಡಿ, ಯಾವ ಯಾವ ಏರಿಯಾಕ್ಕೆ ಕೊಡುತ್ತೇವೆ ಎಂದು ಮಾತ್ರ ತೋರಿಸಬಹುದು. ಇದಕ್ಕೆ ಗೂಗಲ್ ಹಣ ತೆಗೆದುಕೊಳ್ಳುವುದಿಲ್ಲ. "ಗೂಗಲಿನಿಂದ ಮಾತಾಡುವುದು, ಇಷ್ಟು ಸಾವಿರ ಹಾಕಿದರೆ ನಿಮ್ಮ ಅಂಗಡಿ ಮೇಲೆ ಬರುತ್ತದೆ" ಎಂದು ಫೋನ್ ಬಂದರೆ ಇಟ್ಟುಬಿಡಿ ಮಾರಾಯ್ರೇ.

ಜಮಾಅತಿನ ಒಬ್ಬ ಹಿರಿಯರು ಬೇರೆಯೇ ಮಾತು ತೆಗೆದರು. 2022ರಲ್ಲಿ ಯುಗಾದಿ ಹೊತ್ತಿಗೆ ಹಲಾಲ್ ಬಹಿಷ್ಕಾರದ ಕೂಗು ಎದ್ದದ್ದು, ಜಾತ್ರೆಗಳಲ್ಲಿ ನಮ್ಮ ವ್ಯಾಪಾರಿಗಳನ್ನು ತಡೆದದ್ದು ಅವರಿಗೆ ಮರೆತಿಲ್ಲ. "ಇಂಥಲ್ಲಿ ಬ್ಯಾರಿಯ ಅಂಗಡಿ ಉಂಟು ಅಂತ ನಾವೇ ಬೆರಳು ಮಾಡಿ ತೋರಿಸುವುದಾ?" ಎಂದು ಕೇಳಿದರು. ಈ ಭಯವನ್ನು ನಾವು ತಮಾಷೆ ಮಾಡುವುದಿಲ್ಲ. ಊಟ ಮಾಡದವನೂ ಒಂದು ಸ್ಟಾರ್ ಒತ್ತಿ ಹೋಗಬಹುದು. ಆದರೆ ಅಂಗಡಿ ಬೀದಿಯಲ್ಲೇ ಇದೆ, ಬೋರ್ಡಿನಲ್ಲಿ ಹೆಸರಿದೆ. ತೊಂದರೆ ಕೊಡುವವನಿಗೆ ಮ್ಯಾಪ್ ಬೇಕಿಲ್ಲ, ಹಸಿದು ಬಂದ ಪರವೂರಿನವನಿಗೆ ಬೇಕು. ಅವನು ನಮ್ಮವನೇ ಆಗಬೇಕೆಂದೂ ಇಲ್ಲ. ಬಿರಿಯಾನಿ ತಿನ್ನಲು ಯಾರೆಲ್ಲ ಬರುತ್ತಾರೆ ಎಂದು ಹೋಟೆಲಿನವರನ್ನೇ ಕೇಳಿ ನೋಡಿ. ಆದರೂ ಕೊನೆಯ ಮಾತು ಅಂಗಡಿಯವರದ್ದು. ಅವರು ಬೇಡವೆಂದರೆ ಬೇಡ.

ಸ್ಟಾರಿನ ಮಾತು ಬಂತಲ್ಲ, ಒಂದು ವಿಷಯ ನಮ್ಮವರಿಗೇ ಹೇಳಬೇಕು. ಭಾವನ ಹೋಟೆಲಿಗೆ ಊಟ ಮಾಡದೆ ಐದು ಸ್ಟಾರ್, ಎದುರು ಅಂಗಡಿಗೆ ಕಾಲಿಡದೆ ಒಂದು ಸ್ಟಾರ್ ಒತ್ತುವವರು ನಮ್ಮಲ್ಲೂ ಇದ್ದಾರೆ. ತಕ್ಕಡಿಯಲ್ಲಿ ಮೋಸ ಮಾಡಬಾರದು ಎಂದು ಮದ್ರಸದಲ್ಲಿ ಕಲಿತವರೇ ಇವರು. ಇದು ಸುಳ್ಳು ಸಾಕ್ಷಿಯಲ್ಲದೆ ಮತ್ತೆಂತ? ಹಲಾಲ್ ಎಂಬ ಗುರುತಂತೂ ಇನ್ನೂ ಸೂಕ್ಷ್ಮ. ಮಾಂಸ ಎಲ್ಲಿಂದ ಬರುತ್ತದೆ ಎಂದು ಕೇಳಿ ತಿಳಿಯದೆ, ಬರೀ ಮಾಲಕನ ಹೆಸರು ನೋಡಿ ಹಾಕಿದರೆ ನಂಬಿ ಬಂದವನ ಹೊಣೆ ಯಾರದು?

ಈಗ ಹುಡುಗರು ಮೊದಲು ಸಲಾಂ ಹೇಳಿ, ವಿಷಯ ಹೇಳಿ, ಒಪ್ಪಿದರೆ ಮಾತ್ರ ಫೋನ್ ತೆಗೆಯುತ್ತಾರೆ. ಆ ಹೋಟೆಲಿನ ಕಾಕ "ಬೋರ್ಡಿನ ಫೋಟೋ ಹಾಕಿ ಮಕ್ಕಳೇ, ನನ್ನದು ಬೇಡ" ಎಂದು ನಕ್ಕರಂತೆ. ಹಳೆಯ ಜಾಗ ಮುಚ್ಚಿದೆ ಎಂದು ತಿಳಿಸಿ, ಹೊಸ ಜಾಗ ಹಾಕಿ, ಶುಕ್ರವಾರ ಜುಮಾ ಹೊತ್ತಿಗೆ ಬಾಗಿಲು ಹಾಕಿರುವುದನ್ನೂ ಸಮಯದ ಪಟ್ಟಿಯಲ್ಲಿ ತುಂಬಿಸಿದ್ದಾರೆ. ಬೇಕರಿಯವರು ಮಗನನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಬರುವ ಭಾನುವಾರ ಅಸರ್ ಆದ ಮೇಲೆ ಮತ್ತೆ ಅಲ್ಲಿಗೆ ಹೋಗಲಿಕ್ಕಿದೆ.