ಮಕ್ಕಳ ಮೊಟ್ಟೆಗೆ ಮೂರು ವರ್ಷದ ವಾಯಿದೆ

2024ರ ಜುಲೈನಲ್ಲಿ ರಾಜ್ಯ ಸರ್ಕಾರವೂ ಅಜೀಂ ಪ್ರೇಮ್‌ಜಿ ಫೌಂಡೇಶನ್ನೂ ಒಂದು ಒಪ್ಪಂದ ಮಾಡಿಕೊಂಡವು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಓದುವ ಮಕ್ಕಳಿಗೆ ಅಲ್ಲಿಯವರೆಗೆ ವಾರಕ್ಕೆ ಎರಡು ಮೊಟ್ಟೆ ಸಿಗುತ್ತಿತ್ತು. ಮಿಕ್ಕ ನಾಲ್ಕು ದಿನದ ಖರ್ಚನ್ನು ಫೌಂಡೇಶನ್ ಹೊತ್ತುಕೊಂಡಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ, ಸುಮಾರು 55 ಲಕ್ಷ ಮಕ್ಕಳು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಒಬ್ಬ ಉದ್ಯಮಿಯ ಸಂಪತ್ತು ಇಷ್ಟು ನೇರವಾಗಿ ಇಷ್ಟೊಂದು ಮಕ್ಕಳ ತಟ್ಟೆಗೆ ಇಳಿದದ್ದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಈ ಮೊಟ್ಟೆಗೊಂದು ವಾಯಿದೆ ಇದೆ. 2027ರಲ್ಲಿ ಅದು ಮುಗಿಯುವ ಹೊತ್ತಿಗೆ ಆರೂ ದಿನದ ಮೊಟ್ಟೆ ಸರ್ಕಾರದ ಸ್ವಂತ ಖರ್ಚಿನ ಬಾಬ್ತಿಗೆ ಬಂದಿರಬೇಕು. ಬರದಿದ್ದರೆ ಇಷ್ಟು ದೊಡ್ಡ ದಾನವನ್ನು ನಾವು ಹಾಳು ಮಾಡಿಕೊಂಡಂತೆ.

‘ಪ್ರೇಮ್‌ಜಿಯವರು ಮತ್ತೆ ಕೊಡುತ್ತಾರೆ ಬಿಡಿ’ ಎನ್ನುವ ಮಾತು ಅಧಿಕಾರಿಗಳ ಬಾಯಲ್ಲೂ ಮೇಷ್ಟರುಗಳ ಬಾಯಲ್ಲೂ ಸಲೀಸಾಗಿ ಬರುತ್ತದೆ. ಕೊಡಲೂಬಹುದು. ಈ ನೆಮ್ಮದಿಯೇ ನನಗೆ ಭಯ ಹುಟ್ಟಿಸುವುದು.

ಶಾಲೆಯ ಮೊಟ್ಟೆ ನಮ್ಮ ರಾಜ್ಯದಲ್ಲಿ ಸುಮ್ಮನೆ ಬಂದದ್ದಲ್ಲ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರದ ಕಡೆ ಅದು ಶುರುವಾದಾಗ ಕೆಲವು ಮಠಾಧೀಶರು ಬಲವಾಗಿ ವಿರೋಧಿಸಿದರು, ಬೀದಿಗಿಳಿಯುವ ಎಚ್ಚರಿಕೆಯೂ ಬಂತು. ಆಗ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಕ್ಯಾಮೆರಾ ಎದುರು ನಿಂತು, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದ ಮಾತಾಡಿದಳು. ನಾಡಿನಾದ್ಯಂತ ಆ ವಿಡಿಯೊ ಓಡಾಡಿತು. ಅವಳ ಮಾತಿನಲ್ಲಿ ಬೇಡಿಕೊಳ್ಳುವ ದನಿಯೇ ಇರಲಿಲ್ಲ. ತನಗೆ ಬರಬೇಕಾದ್ದನ್ನು ಕೇಳುವ ಮಗು ಹೇಗೆ ನಿಲ್ಲುತ್ತದೋ ಹಾಗೆ ನಿಂತಿದ್ದಳು. ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನು ಸಿಗದ ಗದಗಿನ ಮಕ್ಕಳೊಂದಿಗೆ ಹೋಲಿಸಿ ನೋಡಿದಾಗ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡಿತು. 2022ರಲ್ಲಿ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು, ಮೊದಲು ವಾರಕ್ಕೆ ಒಂದು, ಆಮೇಲೆ ಎರಡು.

ಹಸಿವಿನ ಲೆಕ್ಕವನ್ನೂ ನೋಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಇದು ವಿಮಾನ, ಉಪಗ್ರಹ, ಸಾಫ್ಟ್‌ವೇರ್ ಮಾಡುವ ರಾಜ್ಯದ ಲೆಕ್ಕ. ಈ ಮಕ್ಕಳೇ ಅಂಗನವಾಡಿ ದಾಟಿ ಒಂದನೇ ತರಗತಿಗೆ ಬರುವುದು, ಬಿಸಿಯೂಟದ ಸಾಲಿನಲ್ಲಿ ಕೂರುವುದು.

ಸಮಸ್ಯೆ ಇಷ್ಟು ದೊಡ್ಡದಿರುವಾಗ ಖಾಸಗಿ ಹಣ ಮುಟ್ಟಲೇಬಾರದು ಎನ್ನುವ ಗೆಳೆಯರ ವಾದ ನನಗೆ ಒಪ್ಪಿಗೆಯಿಲ್ಲ. ಸರ್ಕಾರ ಬುದ್ಧಿ ಕಲಿಯುವವರೆಗೆ ಎಂಟು ವರ್ಷದ ಮಗುವಿನ ಮೂಳೆ ಕಾಯುವುದಿಲ್ಲ. ಈ ಫೌಂಡೇಶನ್ನಿನ ವಿಷಯದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ತಟ್ಟೆಯಲ್ಲಿ ಏನಿರಬೇಕು ಎಂಬ ಷರತ್ತನ್ನು ಅದು ಹೇರಲಿಲ್ಲ. ಸರ್ಕಾರ ಆಗಲೇ ತೀರ್ಮಾನಿಸಿದ್ದ ಮೊಟ್ಟೆಯನ್ನೇ, ಮಠಗಳ ಸಿಟ್ಟಿನ ನೆನಪು ಹಸಿಯಿರುವಾಗಲೇ ಎತ್ತಿಕೊಂಡಿತು. ಅದಕ್ಕೆ ಧೈರ್ಯ ಬೇಕಿತ್ತು.

ಎಲ್ಲ ದಾನವೂ ಹೀಗಿರುವುದಿಲ್ಲ. 2000ನೇ ಇಸವಿಯಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಂದ ಆರಂಭವಾದ ಅಕ್ಷಯ ಪಾತ್ರ ಇವತ್ತು ದೇಶದುದ್ದಕ್ಕೂ ಲಕ್ಷಾಂತರ ಮಕ್ಕಳಿಗೆ ಉಣಬಡಿಸುತ್ತಿದೆ. ಅದರ ಅಡುಗೆಮನೆಗಳ ಚೊಕ್ಕಟತನ, ಹೊತ್ತಿಗೆ ಸರಿಯಾಗಿ ಗಾಡಿ ಹೊರಡುವ ಶಿಸ್ತು ಮೆಚ್ಚಬೇಕಾದ್ದೇ. ಆದರೆ 2018ರ ಕೊನೆಗೆ ಈರುಳ್ಳಿ, ಬೆಳ್ಳುಳ್ಳಿ ಸೇರಿಸಿ ಎಂದು ಸರ್ಕಾರವೇ ಕೇಳಿದಾಗ ಸಂಸ್ಥೆ ಒಪ್ಪಲಿಲ್ಲ. ಅದರ ಊಟ ಪೋಷಕಾಂಶದ ಅಳತೆಗೆ ಸರಿಯಾಗಿದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ನನ್ನ ತಕರಾರು ಪೋಷಕಾಂಶದ್ದಲ್ಲ. ಅಕ್ಕಿ ಸರ್ಕಾರದ್ದು, ಅಡುಗೆ ವೆಚ್ಚದ ದೊಡ್ಡ ಪಾಲೂ ಸರ್ಕಾರದ್ದು. ಹೀಗಿದ್ದೂ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ಸಾರು ಉಂಡು ಬೆಳೆದ ಮಗುವಿನ ನಾಲಗೆಗೆ ಏನು ಹಿತ ಎನ್ನುವುದನ್ನು ತೀರ್ಮಾನಿಸುವ ಹಕ್ಕು ಬಡಿಸುವವರ ಆಚಾರಕ್ಕೆ ಹೇಗೆ ಹೋಯಿತು? ಸರ್ಕಾರ ಒಂದು ಸಲ ಕೇಳಿ, ಇಲ್ಲ ಎನ್ನಿಸಿಕೊಂಡು ಸುಮ್ಮನಾಯಿತು. ದಾನಿಯನ್ನು ನೆಚ್ಚಿಕೊಂಡ ಸರ್ಕಾರಕ್ಕೆ ಗಟ್ಟಿಯಾಗಿ ಮಾತಾಡುವ ಶಕ್ತಿಯೂ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಶಾಲೆಯ ಊಟ ಯಾರ ಔದಾರ್ಯವೂ ಅಲ್ಲ ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದೇ ನಿಶ್ಚಯ ಮಾಡಿತು. ಪ್ರತಿ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯಲ್ಲಿ ಬಿಸಿ ಊಟ ಕೊಡಲೇಬೇಕು ಎಂದು ಆದೇಶಿಸಿತು. ನಮ್ಮ ಅಕ್ಷರ ದಾಸೋಹ ಬೇರು ಬಿಟ್ಟದ್ದು ಅದರ ಬೆನ್ನಿಗೇ. 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಶಾಸನವಾಗಿಸಿತು. ಹೀಗಾಗಿ ಅನ್ನ, ಸಾಂಬಾರು ತಪ್ಪಿದರೆ ಊರವರು ಬಿಇಒ ಕಚೇರಿಗೆ ಹೋಗಬಹುದು, ಶಾಸಕರನ್ನು ಅಡ್ಡಗಟ್ಟಿ ಕೇಳಬಹುದು, ಕೋರ್ಟಿಗೂ ಹೋಗಬಹುದು. ದಾನದ ಮೊಟ್ಟೆ ತಪ್ಪಿದರೆ ಯಾರ ಮನೆ ಬಾಗಿಲಿಗೆ ಹೋಗುವುದು? ನಾಳೆ ಫೌಂಡೇಶನ್ ಬೇರೊಂದು ಕೆಲಸ ಮುಖ್ಯ ಎಂದುಕೊಂಡರೆ ಅದನ್ನು ತಪ್ಪೆನ್ನಲು ನಮಗೆ ಹಕ್ಕಿಲ್ಲ. ಅವರ ಹಣ, ಅವರ ಇಷ್ಟ. ಅದಕ್ಕೇ ನಿತ್ಯದ ಅನ್ನ ಆ ಹಣದ ಮೇಲೆ ನಿಲ್ಲಬಾರದು ಎನ್ನುತ್ತಿದ್ದೇನೆ.

ಸರ್ಕಾರದ ಹತ್ತಿರ ಹಣವಿಲ್ಲವೇ? ವರ್ಷಕ್ಕೆ ಸರಾಸರಿ 500 ಕೋಟಿಯ ಬಾಬ್ತು ಇದು. 2025–26ರ ರಾಜ್ಯ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ. ಸಾವಿರ ರೂಪಾಯಿಗೆ ಒಂದೂಕಾಲು ರೂಪಾಯಿಯೂ ಆಗುವುದಿಲ್ಲ. ಗ್ಯಾರಂಟಿ ಯೋಜನೆಗಳಿಗೆ ವರ್ಷಕ್ಕೆ 50 ಸಾವಿರ ಕೋಟಿಗೂ ಹೆಚ್ಚು ಕೊಡುವ ಸರ್ಕಾರ, ಮನೆಯ ಯಜಮಾನಿಯ ಕೈಗೆ ಹಣ ಕೊಡುವುದು ಆಕೆಯ ಹಕ್ಕು ಎಂದು ಸರಿಯಾಗಿಯೇ ವಾದಿಸುವ ಸರ್ಕಾರ, ಅದೇ ತಾಯಿಯ ಮಗುವಿನ ಮೊಟ್ಟೆಗೆ ಹೊರಗಿನವರ ಮುಖ ನೋಡಬೇಕಾದ ಸ್ಥಿತಿ ಇಲ್ಲ. ಶಾಲೆಯ ಮಕ್ಕಳಿಗೆ ವೋಟಿಲ್ಲ, ಅಷ್ಟೇ.

ದಾನ ಬಂದ ಮೇಲೆ ಸರ್ಕಾರದ ಕೆಲಸ ಮುಗಿಯಿತೇ ಎಂದು ತಿಳಿಯಬೇಕಾದರೆ ಒಂದು ಹಳ್ಳಿ ಶಾಲೆಯ ಅಡುಗೆಕೋಣೆಗೆ ಹೋಗಿ ನೋಡಬೇಕು. ಇನ್ನೂರು ಮಕ್ಕಳಿದ್ದರೆ ಮೂವತ್ತು ಮೊಟ್ಟೆಯ ಏಳು ಟ್ರೇ. ಬೆಳಿಗ್ಗೆ ಪ್ರಾರ್ಥನೆ ಮುಗಿಯುವುದರೊಳಗೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಬೇಕು. ಬೆಂದ ಮೊಟ್ಟೆಯನ್ನು ತಣ್ಣೀರಿಗೆ ಹಾಕಿ, ಸುಡು ಸುಡುವಾಗಲೇ ಬೆರಳಲ್ಲಿ ಸುಲಿಯುತ್ತಾ ಕೂರುವವರು ಇಬ್ಬರು ಮೂವರು ಹೆಂಗಸರು. ಒಡೆದದ್ದು, ಕೆಟ್ಟದ್ದು ಬೇರೆ ತೆಗೆದಿಡಬೇಕು, ಯಾರಿಗೆ ಮೊಟ್ಟೆ, ಯಾರಿಗೆ ಬಾಳೆಹಣ್ಣು ಎಂಬ ಪಟ್ಟಿ ಹೊಂದಬೇಕು. ಅನ್ನ, ಸಾಂಬಾರಿನ ಕೆಲಸ ಇದರ ಜೊತೆಗೇ. ಈ ಅಡುಗೆಯವರು ರಾಜ್ಯದಲ್ಲಿ ಲಕ್ಷಕ್ಕೂ ಹೆಚ್ಚು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ, ಅದೂ ತಿಂಗಳಿಗೆ ಐದು ಸಾವಿರ ಮುಟ್ಟದ್ದು. ಮೊಟ್ಟೆ ಎರಡು ದಿನದಿಂದ ಆರು ದಿನಕ್ಕೆ ಏರಿದಾಗ ಅವರ ಕೆಲಸ ಏರಿದ ಪ್ರಮಾಣದಲ್ಲಿ ಆ ಹಣ ಏರಲಿಲ್ಲ.

ಇನ್ನು ದರದ ಕಥೆ. ಕೊಳ್ಳುವ ಬೆಲೆ, ಗ್ಯಾಸು, ಸುಲಿಯುವ ಕೂಲಿ ಎಲ್ಲ ಸೇರಿ ಒಂದು ಮೊಟ್ಟೆಗೆ 6 ರೂಪಾಯಿ ನಿಗದಿಯಾಗಿತ್ತು. ಚಳಿಗಾಲದಲ್ಲಿ ಅಂಗಡಿಯ ದರವೇ ಅದನ್ನು ದಾಟುತ್ತದೆ. ಅಂಗಡಿಯಲ್ಲಿ ಮೊಟ್ಟೆ 7 ರೂಪಾಯಿ ಆಯಿತೆನ್ನಿ, ಇನ್ನೂರು ಮಕ್ಕಳ ಶಾಲೆಗೆ ದಿನಕ್ಕೆ ಕನಿಷ್ಠ 200 ರೂಪಾಯಿ ಕೊರತೆ, ವಾರಕ್ಕೆ 1,200. ಅದನ್ನು ತುಂಬುವವರು ಮುಖ್ಯ ಶಿಕ್ಷಕರು, ಒಂದೋ ಜೇಬಿನಿಂದ, ಇಲ್ಲವೇ ಅಂಗಡಿಯ ಉದ್ದರಿ ಪುಸ್ತಕದಿಂದ. ಕೆಲವು ಕಡೆ ಮೊಟ್ಟೆಯ ದಿನಗಳೇ ಕಡಿಮೆಯಾಗುತ್ತವೆ. ಎಷ್ಟು ಕೋಟಿ ಬಂದರೂ ದರವನ್ನು ಮಾರುಕಟ್ಟೆಗೆ ತಕ್ಕಂತೆ ತಿಂಗಳು ತಿಂಗಳು ತಿದ್ದುವುದು, ಅಡುಗೆಯವರಿಗೆ ಸರಿಯಾದ ಸಂಬಳ ಕೊಡುವುದು, ಸಗಟು ಖರೀದಿ ಮಾಡಿ ತಾಲ್ಲೂಕಿಗೆ ತಲುಪಿಸುವುದು ಸರ್ಕಾರ ಮಾತ್ರ ಮಾಡಬಲ್ಲ ಕೆಲಸ.

ಕಂಪನಿಗಳ ಸಾಮಾಜಿಕ ಹೊಣೆಯ ಹಣ ಇದಕ್ಕೆ ಉತ್ತರವಾಗುತ್ತದೆ ಎನ್ನುವವರಿದ್ದಾರೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಹೀಗೆ ಖರ್ಚು ಮಾಡಬೇಕು ಎನ್ನುತ್ತದೆ. ಕಂಪನಿ ಇರುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದೂ ಅದೇ ಕಾಯ್ದೆ ಹೇಳುತ್ತದೆ. ಹಾಗಾದರೆ ಹಣ ಸೇರುವುದು ಬೆಂಗಳೂರಿನ ಅಕ್ಕಪಕ್ಕಕ್ಕೋ ಸುರಪುರ, ದೇವದುರ್ಗಕ್ಕೋ? ಕೊರೊನಾ ಬಂದಾಗ ಪಿಎಂ ಕೇರ್ಸ್‌ಗೆ ಕೊಟ್ಟದ್ದು ಈ ಲೆಕ್ಕಕ್ಕೆ ಬರುತ್ತದೆ, ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟದ್ದು ಬರುವುದಿಲ್ಲ ಎಂದು 2020ರ ಏಪ್ರಿಲ್‌ನಲ್ಲಿ ಕೇಂದ್ರ ಸ್ಪಷ್ಟಪಡಿಸಿತು. ದಾನದ ಹಣವೂ ಅಧಿಕಾರ ಇರುವ ಕಡೆಗೇ ಹರಿಯುತ್ತದೆ.

ಹಾಗಾದರೆ ಸಿರಿವಂತರ ಹಣಕ್ಕೆ ಏನು ಕೆಲಸ? ಬೇಕಾದಷ್ಟಿದೆ. ಜೆಮ್‌ಶೆಟ್‌ಜಿ ಟಾಟಾ 1898ರಲ್ಲಿ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಒಂದು ವಿಜ್ಞಾನ ಸಂಸ್ಥೆಗೆ ಕೊಡುತ್ತೇನೆ ಎಂದರು. ಭಾರತೀಯರಿಗೆ ಸಂಶೋಧನೆ ಯಾಕೆ ಎಂದು ಬ್ರಿಟಿಷ್ ಅಧಿಕಾರಿಗಳು ವರ್ಷಗಟ್ಟಲೆ ಎಳೆದಾಡಿದ ಯೋಜನೆ ಅದು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು, ವರ್ಷವರ್ಷದ ಅನುದಾನವನ್ನೂ ಕೊಟ್ಟಿತು. 1909ರಲ್ಲಿ ಸಂಸ್ಥೆ ರೂಪುಗೊಂಡಾಗ ಟಾಟಾ ತೀರಿಕೊಂಡು ಐದು ವರ್ಷವಾಗಿತ್ತು. ಬೆಂಗಳೂರಿನ ಹಳಬರು ಈಗಲೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುತ್ತಾರೆ, ಹೆಸರಿನ ಫಲಕದಲ್ಲಿ ಟಾಟಾ ಇಲ್ಲ. ಶಿರಸಂಗಿ ಲಿಂಗರಾಜರು 1906ರಲ್ಲಿ ಕಣ್ಮುಚ್ಚುವ ಮೊದಲು ಇಡೀ ದೇಸಗತಿಯ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟರು. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಮೊದಲ ಪದವೀಧರರು ಆ ಹಣದಲ್ಲಿ ಓದಿದವರು. ಕಣ್ಣೆದುರಿಗೆ ಫಲ ಕಾಣದ ಕೆಲಸಕ್ಕೆ, ಸರ್ಕಾರ ಕೈ ಹಾಕಲು ಹೆದರುವ ಕೆಲಸಕ್ಕೆ ಇವರು ಹಣ ಇಟ್ಟರು.

ಪಕ್ಕದ ತಮಿಳುನಾಡು ಇನ್ನೊಂದು ಪಾಠ ಕಲಿಸುತ್ತದೆ. 1950ರ ದಶಕದಲ್ಲಿ ಕಾಮರಾಜರ ಕಾಲದ ಶಾಲಾ ಊಟಕ್ಕೆ ಊರವರ ವಂತಿಗೆಯ ಬಲ ದೊಡ್ಡದಿತ್ತು. ಮುಂದೆ ಸರ್ಕಾರ ಅದನ್ನು ತನ್ನದಾಗಿಸಿಕೊಂಡಿತು. 1982ರಲ್ಲಿ ಎಂ.ಜಿ.ಆರ್. ಅದನ್ನು ಹಿಗ್ಗಿಸಿದರು, ಕರುಣಾನಿಧಿ ಮೊಟ್ಟೆ ಸೇರಿಸಿದರು, 2010ರ ಹೊತ್ತಿಗೆ ವಾರಕ್ಕೆ ಐದು ಮೊಟ್ಟೆ ಆಯಿತು. ಸರ್ಕಾರಗಳು ಬದಲಾದವು, ಮೊಟ್ಟೆ ನಿಲ್ಲಲಿಲ್ಲ. ನಿಲ್ಲಿಸಿದವರಿಗೆ ಅಲ್ಲಿ ವೋಟು ಬೀಳುವುದಿಲ್ಲ.

ಪ್ರೇಮ್‌ಜಿ ಫೌಂಡೇಶನ್ನಿಗೆ ಅದರ ಸಾಮರ್ಥ್ಯಕ್ಕೆ ತಕ್ಕ ಕೆಲಸ ಬೇಕಾದಷ್ಟು ಕಾಯುತ್ತಿದೆ. ಕಬ್ಬಿಣಾಂಶದ ಮಾತ್ರೆಗಳನ್ನು ಇಷ್ಟು ವರ್ಷ ಹಂಚಿದರೂ ಕಲ್ಯಾಣ ಕರ್ನಾಟಕದ ಹೆಣ್ಣುಮಕ್ಕಳ ರಕ್ತಹೀನತೆ ಯಾಕೆ ಇಳಿಯುತ್ತಿಲ್ಲ? ನೀರಿನಲ್ಲಿ ಏನಿದೆ, ಹೊಟ್ಟೆಯ ಹುಳು ಎಷ್ಟು, ಊಟದಲ್ಲಿ ಏನು ಕಡಿಮೆ? ಹತ್ತು ಹದಿನೈದು ವರ್ಷ ಒಂದೇ ತಾಲ್ಲೂಕಿನಲ್ಲಿ ಕೂತು ಹುಡುಕಬೇಕಾದ ಪ್ರಶ್ನೆಗಳಿವು. ಐದು ವರ್ಷಕ್ಕೊಮ್ಮೆ ಚುನಾವಣೆ ಎದುರಿಸುವ ಯಾವ ಸರ್ಕಾರವೂ ಅಷ್ಟು ತಾಳ್ಮೆ ತೋರಿಸದು. ದುಡಿಯುವ ಮಕ್ಕಳು ಬೆಂಗಳೂರು ಸೇರಿ ವಯಸ್ಸಾದವರಷ್ಟೇ ಉಳಿಯುತ್ತಿರುವ ಹಳ್ಳಿಗಳಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರು ಯಾರು? ಅದಕ್ಕೆ ಜನರನ್ನು ತಯಾರು ಮಾಡುವ ಕೆಲಸ ಇನ್ನೂ ಸರಿಯಾಗಿ ಶುರುವೇ ಆಗಿಲ್ಲ. ಪ್ರಯೋಗ ಸೋತರೂ ದಾನಿಗೆ ನಷ್ಟವಿಲ್ಲ, ಸರ್ಕಾರ ಸೋತರೆ ಮರುದಿನವೇ ಪ್ರತಿಪಕ್ಷ ಬೀದಿಗಿಳಿಯುತ್ತದೆ. ಸೋಲುವ ಈ ಸ್ವಾತಂತ್ರ್ಯ ಇರುವ ಹಣವನ್ನು ಮೊಟ್ಟೆ ಕೊಳ್ಳಲು ಬಳಸುತ್ತಾ ಕೂರುವುದು ನಾಡಿಗೆ ನಷ್ಟ.

ಈ ಒಪ್ಪಂದ ಮುಗಿಯುವ ಮೊದಲು ಮೂರು ಕೆಲಸ ಆಗಬೇಕು. ಎಂಟು ದಿನಕ್ಕೊಮ್ಮೆ ಬದಲಾಗುವ ಸುತ್ತೋಲೆಯ ಬದಲು ವಾರಕ್ಕೆ ಆರು ಮೊಟ್ಟೆ ಅಥವಾ ಅದಕ್ಕೆ ಸಮನಾದ ಆಹಾರ ಮಗುವಿನ ಹಕ್ಕು ಎಂದು ವಿಧಾನಮಂಡಲದಲ್ಲಿ ಶಾಸನವಾಗಬೇಕು. ಬಜೆಟ್ಟಿನಲ್ಲಿ ಅದಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಬರಬೇಕು, ಅಡುಗೆಯವರ ಸಂಬಳ ಅದರೊಳಗೇ ಸೇರಬೇಕು. ಈ ಮೂರು ವರ್ಷದಲ್ಲಿ ಮಕ್ಕಳ ತೂಕ, ಎತ್ತರ, ಹಾಜರಾತಿ ಏನಾಯಿತು ಎಂಬ ಪೂರ್ತಿ ಮಾಹಿತಿಯನ್ನು ಫೌಂಡೇಶನ್ ಮತ್ತು ಸರ್ಕಾರ ಸೇರಿ ತಾಲ್ಲೂಕುವಾರು ಜನರ ಮುಂದಿಡಬೇಕು. ಮೊದಲೆರಡು ಕೆಲಸವನ್ನು ಕೇಳಬೇಕಾದವರು ಕಲ್ಯಾಣ ಕರ್ನಾಟಕದ ಶಾಸಕರು. 371ಜೆ ವಿಶೇಷ ಸ್ಥಾನಮಾನಕ್ಕೆ ಪಕ್ಷ ಮರೆತು ಒಂದಾಗಿದ್ದ ಆ ಭಾಗದ ನಾಯಕರು ಮುಂದಿನ ಬಜೆಟ್ ಅಧಿವೇಶನದಲ್ಲಿ ಇದಕ್ಕೂ ಒಂದಾಗಲಿ. ಅವರನ್ನು ಊರಿನ ಎಸ್‌ಡಿಎಂಸಿ ಸಭೆಗೆ ಕರೆದು, ನಿಮ್ಮ ಸರ್ಕಾರ 2027ಕ್ಕೆ ಏನು ಬರೆದಿಟ್ಟಿದೆ ಎಂದು ಕೇಳುವ ಕೆಲಸ ತಂದೆ ತಾಯಂದಿರದ್ದು.