ಗುಮ್ಮಟ ಉಳಿಯಿತು, ಓಣಿ ಉಳಿದೀತೆ?

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ಹತ್ತುತ್ತಾರೆ, ಇಬ್ರಾಹಿಂ ರೋಜಾದ ಮುಂದೆ ನಿಲ್ಲುತ್ತಾರೆ, ಮಲಿಕ್-ಎ-ಮೈದಾನ್ ತೋಪಿನ ಬಾಯಿಯೊಳಗೆ ಇಣುಕುತ್ತಾರೆ. ಈ ಸ್ಮಾರಕಗಳಿಗೆ ಕಾವಲುಗಾರರಿದ್ದಾರೆ, ಕಾಯ್ದೆಯ ಬಲವಿದೆ, ಕೇಂದ್ರದ ಅನುದಾನವಿದೆ. ಇರಲೇಬೇಕು. ಆದರೆ ಅವುಗಳ ನೆರಳಲ್ಲಿ ನೂರಾರು ವರ್ಷ ಒಲೆ ಹಚ್ಚಿದವರ ಕಥೆಗೆ ವಾರಸುದಾರರಿಲ್ಲ. ಶಹಾಪೇಟೆಯಲ್ಲಿ ಯಾರು ಇದ್ದರು, ಜೋರಾಪುರ ಪೇಟೆಗೆ ಯಾರು ಯಾವಾಗ ಬಂದು ಸೇರಿದರು, ಊರಂಚಿನ ಭೂತನಾಳದ ಕಡೆ ತಾಂಡಾ ಹೂಡಿದವರು ಎಲ್ಲಿಯವರು ಎಂದು ಬರೆದಿಡುವ ಹೊಣೆ ಯಾವ ಇಲಾಖೆಗೂ ಇಲ್ಲ. ಹಿರಿಯರ ನೆನಪಿನಲ್ಲಿ ಅಷ್ಟಿಷ್ಟು ಉಳಿದಿದೆ. ಆ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ವಿಜಯಪುರ, ಅಂದಿನ ಬಿಜಾಪುರ, ಎಂದೂ ಒಂದೇ ಕುಲದ, ಒಂದೇ ಮಾತಿನ ಊರಾಗಿರಲಿಲ್ಲ. ಆದಿಲ್‌ಶಾಹಿ ಮನೆತನ ಕಟ್ಟಿದ ಯೂಸುಫನೇ ದೂರದಿಂದ ಬಂದವನು. ಅವನ ಹಿಂದೆ ಇರಾನಿನ ವಿದ್ವಾಂಸರು, ಶಿಲ್ಪಿಗಳು, ವರ್ತಕರು ಬಂದರು. ಇಬ್ರಾಹಿಂ ಎರಡನೆಯವನ ಕಾಲದಲ್ಲಿ (1580–1627) ಕವಿ ಜುಹೂರಿ ಇಲ್ಲಿ ನೆಲೆ ಕಂಡ. ಆಫ್ರಿಕಾದಿಂದ ಗುಲಾಮರಾಗಿ ಬಂದ ಹಬಶಿಗಳಲ್ಲಿ ಇಖ್ಲಾಸ್ ಖಾನನಂಥವರು ರಾಜ್ಯದ ಸೂತ್ರವನ್ನೇ ಹಿಡಿದರು. ಶಹಾಜಿ ಭೋಸಲೆಯಂಥ ಮರಾಠಾ ಸರದಾರರು ಈ ದರ್ಬಾರಿನ ಸೇವೆಯಲ್ಲಿದ್ದರು. ಹೊರಗಿನವರು, ಒಳಗಿನವರು ಎಂಬ ಜಗಳವೂ ಇತ್ತು. ಆಫಾಕಿ ಮತ್ತು ದಖನಿ ಬಣಗಳ ಕಿತ್ತಾಟ ದರ್ಬಾರನ್ನು ಹಲವು ಸಲ ಅಲುಗಾಡಿಸಿತು. ಪೇಟೆಯಲ್ಲಿ ಮಾತ್ರ ಇವರೆಲ್ಲ ಒಂದೇ ಬಾವಡಿಯ ನೀರು ಕುಡಿಯಬೇಕಿತ್ತು.

1686ರಲ್ಲಿ ಔರಂಗಜೇಬನ ಮುತ್ತಿಗೆಗೆ ರಾಜ್ಯ ಬಿತ್ತು, ಊರು ಪಾಳುಬಿತ್ತು. ಅದು ಮತ್ತೆ ತುಂಬಿದ್ದೂ ವಲಸೆಯಿಂದಲೇ. 1884ರಲ್ಲಿ ರೈಲು ಬಂತು, ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ಬ್ರಿಟಿಷರು ಹಳೆಯ ಮಹಲುಗಳಲ್ಲಿ ಕಚೇರಿ ಹೂಡಿದರು. ಕಚೇರಿಯ ಹಿಂದೆ ಗುಮಾಸ್ತರು, ವಕೀಲರು, ಅಂಗಡಿಕಾರರು ಬಂದರು. ಧಾರವಾಡದಲ್ಲಿ ಹುಟ್ಟಿದ ಫ.ಗು. ಹಳಕಟ್ಟಿ ವಕೀಲಿಗೆಂದು ಬಂದು ನಿಂತದ್ದು ಇದೇ ಊರಿನಲ್ಲಿ. ಮನೆಮನೆ ಅಲೆದು ತಾಳೆಗರಿ ಕೂಡಿಸಿ, ಅಚ್ಚುಕೂಟ ನಡೆಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿ ಅವರು ವಚನ ಸಾಹಿತ್ಯವನ್ನು ಉಳಿಸಿಕೊಟ್ಟರು. ಇಂದು ವಿಜಯಪುರ ಅವರನ್ನು ತನ್ನವರೆಂದೇ ಹೇಳಿಕೊಳ್ಳುತ್ತದೆ, ಅದು ಸರಿಯೂ ಹೌದು. 1901ರ ಜನಗಣತಿಯಲ್ಲಿ 24 ಸಾವಿರ ಮುಟ್ಟದಿದ್ದ ಊರು 2011ರ ಹೊತ್ತಿಗೆ 3.27 ಲಕ್ಷಕ್ಕೆ ಬೆಳೆದಿತ್ತು. ಇಲ್ಲಿನ ಬಹುಪಾಲು ಕುಟುಂಬಗಳ ಮೂರು ತಲೆಮಾರು ಹಿಂದಕ್ಕೆ ಹೋದರೆ ಬೇರೊಂದು ಊರಿನ ಹೆಸರು ಸಿಗುತ್ತದೆ.

ಹೊಸದಾಗಿ ಬಂದವರನ್ನು ಊರಿನವರನ್ನಾಗಿ ಮಾಡಿದ್ದು ಓಣಿ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ನಂದಿಕೋಲು ಹೊರುವ ಸರದಿ, ಮೊಹರಂನಲ್ಲಿ ಪಂಜಾ ಕೂರಿಸುವ ಜಾಗ, ಬಾವಡಿಯ ಮೆಟ್ಟಿಲ ಮೇಲೆ ಯಾರ ಕೊಡ ಮೊದಲು ಎಂಬ ತಕರಾರು, ಸಾವು ನೋವಿಗೆ ಕರೆಯದೆ ಬರುವ ನೆರೆಮನೆಯವರು. ಇವೆಲ್ಲ ಎಲ್ಲಿಯೂ ಬರೆದಿಟ್ಟ ಕಾನೂನಲ್ಲ, ಕೂಡಿ ಬಾಳಿದ್ದರಿಂದ ಬಂದ ರೂಢಿ. ಓಣಿ ಚದುರಿದರೆ ಆ ರೂಢಿಯನ್ನು ಇನ್ನೊಂದು ಕಡೆ ಹೊತ್ತೊಯ್ದು ನೆಡಲು ಆಗದು.

ಇದಕ್ಕೆ ಈ ನೆಲದಲ್ಲೇ ಸಾಕ್ಷಿಯಿದೆ. 1599ರಲ್ಲಿ ಇಬ್ರಾಹಿಂ ಎರಡನೆಯವನು ಹತ್ತಿರದ ತೊರವಿಯ ಬದಿಗೆ ನವರಸಪುರ ಎಂಬ ಹೊಸ ನಗರವನ್ನೇ ಕಟ್ಟಿಸಲು ಹೊರಟ. ಸರದಾರರೂ ಶ್ರೀಮಂತ ವರ್ತಕರೂ ಅಲ್ಲಿ ಮನೆ ಕಟ್ಟಿಕೊಳ್ಳಬೇಕೆಂದು ಅಪ್ಪಣೆಯಾಯಿತು. ಸಂಗೀತಕ್ಕೆಂದೇ ಮೀಸಲಾದ ಮಹಲು ಎದ್ದಿತು. ಆದರೆ 1624ರಲ್ಲಿ ಮಲಿಕ್ ಅಂಬರನ ಸೈನ್ಯ ನುಗ್ಗಿ ಹಾಳುಮಾಡಿದ ಮೇಲೆ ಆ ನಗರ ಮತ್ತೆ ತಲೆಯೆತ್ತಲಿಲ್ಲ. ಅರಸನ ಅಪ್ಪಣೆಯಿಂದ ಎದ್ದ ಬಡಾವಣೆ ಇಪ್ಪತ್ತೈದು ವರ್ಷವಷ್ಟೇ ಬಾಳಿತು. ಜನ ತಾವಾಗಿ ಬಂದು ಸೇರಿದ ಶಹಾಪೇಟೆಯಂಥ ಕಡೆ ಮುತ್ತಿಗೆ, ಬರ, ರೋಗ ಎಲ್ಲವನ್ನೂ ದಾಟಿ ಇಂದಿಗೂ ಸಂಜೆ ದೀಪ ಹತ್ತುತ್ತದೆ. ಜಿಲ್ಲಾಡಳಿತ ‘ನವರಸಪುರ ಉತ್ಸವ’ ಎಂದು ಹಬ್ಬ ಮಾಡಿದ್ದಿದೆ. ಆ ನಗರ ಯಾಕೆ ಬಾಳಲಿಲ್ಲ ಎಂಬ ಪ್ರಶ್ನೆಯೂ ಆ ವೇದಿಕೆಯ ಮೇಲೆ ಒಮ್ಮೆ ಬರಬೇಕು.

ಇಂದು ಹಳೆಯ ಪೇಟೆಗಳು ಬರಿದಾಗಲು ಒಂದು ದೊಡ್ಡ ಕಾರಣ ಸ್ಮಾರಕ ರಕ್ಷಣೆಯ ಕಾಯ್ದೆಯೇ ಆಗಿದೆ. 2010ರ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್‌ವರೆಗೆ ನಿಯಂತ್ರಿತ. ಹೆಜ್ಜೆಗೊಂದು ಗೋರಿ, ಮಸೀದಿ, ಕಮಾನು ಇರುವ ಕೋಟೆಯೊಳಗೆ ಈ ವೃತ್ತಗಳು ಒಂದರ ಮೇಲೊಂದು ಬಿದ್ದು ಓಣಿಗಟ್ಟಲೆ ಮನೆಗಳನ್ನು ಸುತ್ತಿಕೊಂಡಿವೆ. 1992ರ ಜೂನ್ 16ಕ್ಕೂ ಮೊದಲಿನ ಮನೆಗಳ ದುರಸ್ತಿಗೆ ಅನುಮತಿ ಕೇಳಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಅರ್ಜಿ, ನಕ್ಷೆ, ಮನೆ ಅಷ್ಟು ಹಳೆಯದೆಂಬ ದಾಖಲೆ ಎಲ್ಲವನ್ನೂ ಕೂಡಿಸಿ ಅಲೆದಾಡುವ ಶಕ್ತಿ ಕೂಲಿಯವರಿಗೆ, ತಳ್ಳುಗಾಡಿಯವರಿಗೆ ಎಲ್ಲಿದೆ? ಮಾಳಿಗೆ ಸೋರುತ್ತದೆ, ಗೋಡೆ ಬಿರಿಯುತ್ತದೆ, ಮಗನಿಗೆ ಮದುವೆಯಾದರೆ ಇನ್ನೊಂದು ಕೋಣೆ ಬೇಕಾಗುತ್ತದೆ. ಕೊನೆಗೆ ಇದ್ದದ್ದನ್ನು ಬಿಟ್ಟು ಊರ ಹೊರಗೆ ಪ್ಲಾಟು ಹುಡುಕುತ್ತಾರೆ. ಕಾಯ್ದೆ ಕಲ್ಲನ್ನು ಕಾಯಿತು, ಕಲ್ಲಿನ ಪಕ್ಕ ಬಾಳಿದವರನ್ನು ಎಬ್ಬಿಸಿತು.

ಇದನ್ನೇ ನೆಪಮಾಡಿ ಕಾಯ್ದೆಯನ್ನು ಸಡಿಲಿಸಿ ಎನ್ನುವವರ ಜೊತೆ ನಾನಿಲ್ಲ. ಗೋಳಗುಮ್ಮಟದ ಪಕ್ಕ ಆರು ಅಂತಸ್ತಿನ ಹೋಟೆಲು ಏಳಬಾರದು. ಬೇಕಾಗಿರುವುದು ಬೇರೆಯೇ. ವಿಜಯಪುರದಲ್ಲೇ ಒಂದು ಕಿಟಕಿ ತೆರೆದು, ಹಳೆಯ ಮನೆಯ ದುರಸ್ತಿ ಅರ್ಜಿಯನ್ನು ಅಲ್ಲೇ ಬರೆಸಿಕೊಂಡು, ನಕ್ಷೆಯನ್ನು ಪಾಲಿಕೆಯ ಎಂಜಿನಿಯರ್ ಅವರಿಂದಲೇ ಬಿಡಿಸಿಕೊಟ್ಟು, ಗೊತ್ತಾದ ದಿನದೊಳಗೆ ಉತ್ತರ ಕೊಡುವ ವ್ಯವಸ್ಥೆ. ಅಹಮದಾಬಾದಿನ ಪೋಳ್‌ಗಳು ಎಂಬ ಹಳೆಯ ಓಣಿಗಳು 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಅವುಗಳೊಳಗೆ ಇನ್ನೂ ಸಂಸಾರಗಳಿದ್ದವು ಎಂಬ ಕಾರಣಕ್ಕೂ ಹೌದು. ದಖನ್ ಸುಲ್ತಾನರ ಸ್ಮಾರಕಗಳ ಸಾಲಿನಲ್ಲಿ ವಿಜಯಪುರವೂ 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದೆ. ಅಂತಿಮ ಪಟ್ಟಿಗೆ ಕಳಿಸುವ ಕಡತದಲ್ಲಿ ಗುಮ್ಮಟದ ಅಳತೆಯ ಜೊತೆ ಪೇಟೆಗಳ ಮಾತೂ ಇರಬೇಕು.

ಈಗ ಭೂತನಾಳಕ್ಕೆ ಬರೋಣ. ಪೇಟೆ ಬಿಟ್ಟವರು, ಟಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಿಂದ ಮಕ್ಕಳ ಶಾಲೆಗೆಂದು ಬಂದವರು, ದ್ರಾಕ್ಷಿ ತೋಟದ ಆದಾಯದಲ್ಲಿ ನಗರದಲ್ಲೊಂದು ಮನೆ ಇರಲಿ ಎಂದವರು, ನಿವೃತ್ತ ನೌಕರರು ಎಲ್ಲರೂ ನಗರದ ಅಂಚಿನ ಹೊಲಗಳತ್ತ ನೋಡುತ್ತಿದ್ದಾರೆ. ಹೊಲ ಎನ್‌ಎ (ಕೃಷಿಯೇತರ) ಆಗುತ್ತದೆ, ಬಿಳಿ ಕಲ್ಲು ನೆಡುತ್ತಾರೆ, ಕಮಾನಿಗೆ ಯಾವುದೋ ದೇವರ ಹೆಸರು ಅಥವಾ ಮಾಲೀಕರ ತಂದೆಯ ಹೆಸರು ಬರುತ್ತದೆ. ಆ ಹೊಲವನ್ನು ರೈತರು ಕರೆಯುತ್ತಿದ್ದ ಹೆಸರು, ಬಂಡಿ ದಾರಿ, ಬದುವಿನ ಮೇಲಿದ್ದ ಕಲ್ಲುದೇವರು, ಹಳೆಯ ಬಾವಿ ಒಂದೂ ನಕ್ಷೆಯಲ್ಲಿ ಉಳಿಯುವುದಿಲ್ಲ. ಅಕ್ಕಪಕ್ಕದ ಪ್ಲಾಟಿನವರು ಐದು ವರ್ಷ ಕಳೆದರೂ ಒಬ್ಬರ ಊರನ್ನು ಇನ್ನೊಬ್ಬರು ಕೇಳಿರುವುದಿಲ್ಲ.

ಭೂತನಾಳಕ್ಕೆ ಸ್ವಂತ ಚರಿತ್ರೆ ಇಲ್ಲ ಎಂದುಕೊಂಡವರು ಅಲ್ಲಿನ ಕೆರೆಯನ್ನು ಕೇಳಬೇಕು. ಕೊಲ್ಹಾರದಿಂದ ಕೃಷ್ಣೆಯ ನೀರು ಕೊಳವೆಯಲ್ಲಿ ಬರುವ ಮುಂಚಿನಿಂದಲೂ ನಗರದ ನಲ್ಲಿಗಳು ಈ ಕೆರೆಯನ್ನು ನಂಬಿದ್ದವು. ಇದೇ ದಿಕ್ಕಿನ ತೊರವಿಯಿಂದ ಆದಿಲ್‌ಶಾಹಿ ಕಾಲದ ಸುರಂಗ ಕಾಲುವೆ, ಅಂದರೆ ಕರೇಜ್, ನೆಲದೊಳಗೆ ಹರಿದು ಕೋಟೆಗೆ ನೀರು ಮುಟ್ಟಿಸುತ್ತಿತ್ತು. ಆ ವಿದ್ಯೆ ಬಂದದ್ದು ಇರಾನಿನಿಂದ. ವಲಸೆ ಬಂದವರ ಜ್ಞಾನ ಈ ನೆಲದ ಕೆಳಗೆ ಇಂದಿಗೂ ಇದೆ. ಕೊಲ್ಹಾರದ ನೀರಿಗೂ ಕಥೆಯಿದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರವೇ ಮುಳುಗಿತು, ಬಾಗಲಕೋಟೆಯ ಹಳೆಯ ಓಣಿಗಳು ಮುಳುಗಿ ನವನಗರ ಎದ್ದಿತು. ಎಷ್ಟೋ ಸಂತ್ರಸ್ತರು ಪರಿಹಾರದ ಹಣ ಹಿಡಿದು ವಿಜಯಪುರದಲ್ಲೇ ಬೇರೂರಿದರು. ಮುಳುಗಿದ ಊರುಗಳ ಮೇಲೆ ನಿಂತ ನೀರನ್ನೇ ಅವರೂ ನಾವೂ ಇಲ್ಲಿ ಕುಡಿಯುತ್ತಿದ್ದೇವೆ. ಅಣೆಕಟ್ಟಿನ ಎತ್ತರವನ್ನು 519.6ರಿಂದ 524.256 ಮೀಟರ್‌ಗೆ ಏರಿಸಿದಾಗ ಇನ್ನಷ್ಟು ಹಳ್ಳಿಗಳವರು ಏಳಬೇಕಾಗುತ್ತದೆ. ಅವರಿಗೆ ಎಕರೆಗೆ ಎಷ್ಟು ಎಂಬ ಚರ್ಚೆ ನಡೆದಿದೆ, ನಡೆಯಲೇಬೇಕು. ಅವರ ಓಣಿಯ ನೆನಪನ್ನು ನೀರು ಬರುವ ಮೊದಲು ಬರೆದುಕೊಳ್ಳುವ ಚರ್ಚೆ ಮಾತ್ರ ಶುರುವಾಗಿಲ್ಲ.

ಇನ್ನು ತಾಂಡಾ. ಲಂಬಾಣಿ ತಾಂಡಾಗಳು ಈ ಜಿಲ್ಲೆಯ ಎಲ್ಲ ದಿಕ್ಕಿಗೂ ಇವೆ. ನಾಯಕ, ಡಾವೊ, ಕಾರಭಾರಿ ಕೂಡಿ ನ್ಯಾಯ ಹೇಳುವ ಪದ್ಧತಿ, ಸೇವಾಲಾಲರ ಗುಡಿ, ಗೋರ್‌ಬೋಲಿ ಮಾತು. ಇಷ್ಟಿದ್ದರೂ ಎಷ್ಟೋ ದಶಕ ಸರ್ಕಾರದ ಕಾಗದದಲ್ಲಿ ತಾಂಡಾ ಒಂದು ಊರೇ ಅಲ್ಲ, ಇನ್ನೊಂದು ಊರಿನ ಬಾಲ. ದಾಖಲೆಯಿಲ್ಲದ ವಸತಿಗಳವರಿಗೆ ಮನೆಯ ಹಕ್ಕು ಕೊಡುವ 38ಎ ಕಲಮು ಭೂಸುಧಾರಣಾ ಕಾಯ್ದೆಗೆ ಸೇರಿದ ಮೇಲೆ ಇದು ಬದಲಾಗತೊಡಗಿತು. 2023ರ ಜನವರಿ 19ರಂದು ಮಳಖೇಡದಲ್ಲಿ ವಿಜಯಪುರ ಸೇರಿ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿಕೆಯಾಯಿತು. ಇದು ದೊಡ್ಡ ಕೆಲಸ. ಆದರೆ ಹಕ್ಕುಪತ್ರದಲ್ಲಿ ಹೆಸರು, ಅಳತೆ, ಚಕ್ಕುಬಂದಿ ಇರುತ್ತದೆ. ತಾಂಡಾ ಇಲ್ಲಿಗೆ ಯಾವಾಗ ಬಂತು, ಯಾವ ಬರಗಾಲಕ್ಕೆ ಯಾರು ಎಲ್ಲಿ ಹೋದರು ಎಂಬುದು ಇರುವುದಿಲ್ಲ. ನಗರ ಬೆಳೆದು ತಾಂಡಾವನ್ನು ನುಂಗಿದ ದಿನ ಅದು ‘ಇಂತಿಷ್ಟನೇ ವಾರ್ಡಿನ ಕೊಳೆಗೇರಿ’ ಎಂದು ದಾಖಲಾಗುವ ಭಯ ನನಗಿದೆ.

ಬೇರೂರಿದ ಜಾಗದ ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಗುಳೆ ಹೋದ ನಮ್ಮವರೇ ಅನುಭವಿಸಿದ್ದಾರೆ. 2004ರಲ್ಲಿ ಗೋವಾದ ವಾಸ್ಕೋ ಬಳಿಯ ಬೈನಾ ಕಡಲತೀರದಲ್ಲಿ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿ ಕುಟುಂಬಗಳು ಬಹಳ. ಬಂದರು ಕಟ್ಟಲು, ರಸ್ತೆ ಹಾಕಲು ಬೇಕಾಗಿದ್ದವರು ಓಣಿ ಕಟ್ಟಿಕೊಂಡಾಗ ‘ಹೊರಗಿನವರು’ ಎನ್ನಿಸಿಕೊಂಡರು. ಆಗ ನಾವು ಇಲ್ಲಿ ಕುಳಿತು ಮರುಗಿದೆವು. ಇಂದು ವಿಜಯಪುರದ ಕಟ್ಟಡಗಳಿಗೆ ಇಟ್ಟಿಗೆ ಹೊರುವ, ಟಿಕೋಟಾ ತೋಟಗಳಲ್ಲಿ ದ್ರಾಕ್ಷಿ ಕೊಯ್ಯುವ ಪರರಾಜ್ಯದವರನ್ನು ನಾವು ಯಾವ ಹೆಸರಿನಿಂದ ಕರೆಯುತ್ತಿದ್ದೇವೆ?

ಓಣಿಯ ಚರಿತ್ರೆ ಬರೆದರೆ ‘ಇದು ನಮ್ಮ ಓಣಿ, ನೀವು ನಿನ್ನೆ ಬಂದವರು’ ಎಂಬ ಜಗಳಕ್ಕೆ ಕಾಗದದ ಆಧಾರ ಒದಗಿಸಿದಂತೆ ಆಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಆ ಆತಂಕಕ್ಕೆ ಕಾರಣವಿದೆ. ಅದಕ್ಕೇ ಚರಿತ್ರೆಯನ್ನು ಆಗಮನದ ಸರಣಿಯಾಗಿ ಬರೆಯಬೇಕು: ಯಾರು ಯಾವಾಗ ಬಂದರು, ಬಂದಾಗ ಯಾರು ಜಾಗ ಕೊಟ್ಟರು, ಯಾರು ಹೋದರು. ಹಾಗೆ ಬರೆದ ಪುಸ್ತಕದಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಬಂದವರೇ ಇರುತ್ತಾರೆ. ನ್ಯೂಯಾರ್ಕಿನ ಆರ್ಚರ್ಡ್ ಬೀದಿಯ 97ನೇ ನಂಬರಿನ ಮನೆಯಲ್ಲಿ ಇದೇ ಕೆಲಸ ಆಗಿದೆ. 1863ರಲ್ಲಿ ಕಟ್ಟಿದ ಆ ಬಾಡಿಗೆ ವಠಾರ 1988ರಲ್ಲಿ ಸ್ಥಾಪನೆಯಾದ ಟೆನೆಮೆಂಟ್ ಮ್ಯೂಸಿಯಂಗೆ ನೆಲೆಯಾಯಿತು. ಅಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಜರ್ಮನಿಯಿಂದ, ಐರ್ಲೆಂಡಿನಿಂದ, ಇಟಲಿಯಿಂದ ಬಂದ ದರ್ಜಿಗಳ, ಕೂಲಿಗಳ ಅಡುಗೆಮನೆ, ಹಾಸಿಗೆ, ಬಾಡಿಗೆ ಲೆಕ್ಕವಿದೆ.

ನಮ್ಮಲ್ಲಿ ಇದಕ್ಕೆ ಕೈಹಾಕಬಲ್ಲವರಿಗೆ ಕೊರತೆಯಿಲ್ಲ. ಆದಿಲ್‌ಶಾಹಿ ಕಾಲದ ಪಾರ್ಸಿ ಗ್ರಂಥಗಳನ್ನು ಕನ್ನಡಕ್ಕೆ ತರಿಸುವ ಹಿರಿದಾದ ಕೆಲಸ ಎಂ.ಎಂ. ಕಲಬುರ್ಗಿಯವರ ಮಾರ್ಗದರ್ಶನದಲ್ಲಿ ಹಳಕಟ್ಟಿ ಸಂಶೋಧನ ಕೇಂದ್ರದಿಂದ ಆಗಿದೆ. ದರ್ಬಾರಿನ ಚರಿತ್ರೆ ಅದರಿಂದ ನಮ್ಮ ಕೈಗೆ ಬಂತು, ಓಣಿಯದು ಬರಬೇಕು. ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ, ಭೂತನಾಳ ಅಲ್ಲಿಂದ ದೂರವಲ್ಲ. ಓಣಿಯ ನಿಜವಾದ ದಫ್ತರ ಹೆಂಗಸರ ಬಾಯಲ್ಲಿದೆ. ಯಾರ ಮನೆಗೆ ಯಾವ ಊರಿನ ಸೊಸೆ ಬಂದಳು, ಯಾವ ಬಾವಿ ಯಾವ ವರ್ಷ ಬತ್ತಿತು, ಬರದ ವರ್ಷ ಯಾರ ಮನೆಯ ಜೋಳ ಹಂಚಿಕೆಯಾಯಿತು ಎಂಬುದನ್ನು ಅವರಷ್ಟು ನಿಖರವಾಗಿ ಯಾರೂ ಹೇಳಲಾರರು. ಇತಿಹಾಸ, ಕನ್ನಡ, ಉರ್ದು, ಸಮಾಜಶಾಸ್ತ್ರ ಓದುವ ಹೆಣ್ಣುಮಕ್ಕಳನ್ನು ಕಳಿಸಿ, ಅವರ ಅಧ್ಯಯನದ ಅಂಕಗಳಲ್ಲೇ ಈ ಕೆಲಸವನ್ನು ಸೇರಿಸಬಹುದು. ಪಾಲಿಕೆಯ 35 ವಾರ್ಡುಗಳಿಗೂ ಒಂದೊಂದು ಪುಸ್ತಕವಾದರೆ ಅದಕ್ಕಾಗುವ ಖರ್ಚು ಒಂದು ಉತ್ಸವದ ಶಾಮಿಯಾನದ ಖರ್ಚಿಗಿಂತ ಹೆಚ್ಚಾಗಲಾರದು. ಲೇಔಟ್ ಮಂಜೂರಾತಿಗೆ ರಸ್ತೆ, ಚರಂಡಿ, ಉದ್ಯಾನದ ಷರತ್ತು ಹಾಕುವ ನಗರಾಭಿವೃದ್ಧಿ ಪ್ರಾಧಿಕಾರ, ಹೊಲದ ಹಳೆಯ ಹೆಸರನ್ನು ಒಂದು ರಸ್ತೆಗಾದರೂ ಇಡಬೇಕು, ಬಾವಿ ಮುಚ್ಚಬಾರದು ಎಂಬ ಷರತ್ತನ್ನೂ ಸೇರಿಸಲಿ.

2027ರ ಜನಗಣತಿಯಲ್ಲಿ ಎಷ್ಟು ಮಂದಿ ಬೇರೆ ಊರಲ್ಲಿ ಹುಟ್ಟಿ ಇಲ್ಲಿ ನೆಲೆಸಿದ್ದಾರೆ ಎಂಬ ಅಂಕಿ ಸಿಗುತ್ತದೆ. ಅದೇ ಹೊತ್ತಿಗೆ ವಾರ್ಡು ಪುಸ್ತಕದ ಕೆಲಸವೂ ಆರಂಭವಾಗಲಿ, ಭೂತನಾಳದಿಂದಲೇ ಆರಂಭವಾಗಲಿ. ಹೊಲ ಉತ್ತವರು, ತಾಂಡಾದ ಹಿರಿಯರು, ನಿನ್ನೆ ಪ್ಲಾಟು ಕೊಂಡವರು ಮೂವರೂ ಒಟ್ಟಿಗೆ ಮಾತಿಗೆ ಸಿಗುವುದು ಈಗ ಅಲ್ಲಿ ಮಾತ್ರ.