ಉರಿಯಿಲ್ಲದ ಒಲೆ

ಹೋದ ತಿಂಗಳು ನಮ್ಮ ಮನೆಗೆ ಇಂಡಕ್ಷನ್ ಒಲೆಯೊಂದು ಬಂದಿತು. ನನ್ನ ಸಹಧರ್ಮಿಣಿಯು ತವರಿನಿಂದ ತಂದಿದ್ದ ಕಲಾಯಿಯ ಹಿತ್ತಾಳೆ ತಪ್ಪಲೆಯನ್ನು ಅದರ ಮೇಲಿಟ್ಟಳು. ಒಲೆಯು ಸದ್ದುಮಾಡಿ ಸುಮ್ಮನಾಯಿತು. ಹಾಲು ಬೆಚ್ಚಗೂ ಆಗಲಿಲ್ಲ. “ಅತ್ತೆ, ಇನ್ನು ಇವನ್ನು ಗುಜರಿಗೆ ಹಾಕೋಣವೆ?” ಎಂದು ಸೊಸೆಯು ಕೇಳಲು, ಆಕೆಯ ಮುಖವು ಬಾಡಿತು.

ವಾಚಕ ಮಹಾಶಯರೆ, ದೋಷವು ಪಾತ್ರೆಯದೂ ಅಲ್ಲ, ಒಲೆಯದೂ ಅಲ್ಲ. ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಆಡಿಸಿದರೆ, ತಂತಿಯನ್ನು ಮುಟ್ಟದೆಯೇ ಅದರಲ್ಲಿ ವಿದ್ಯುತ್ಪ್ರವಾಹವು ಹುಟ್ಟುವುದೆಂಬುದನ್ನು 1831ರಲ್ಲಿ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆಯು ಕಂಡುಕೊಂಡನು. ಅಯಸ್ಕಾಂತವು ನಿಶ್ಚಲವಾಗಿದ್ದರೆ ಏನೂ ಆಗದು. ಕಾಂತಬಲವು ಬದಲಾಗುತ್ತಲೇ ಇರಬೇಕು. ಇದೇ ವಿದ್ಯುತ್ಕಾಂತೀಯ ಪ್ರೇರಣೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದೂ, ಇಂದು ಬೀದಿಯ ಟ್ರಾನ್ಸ್‌ಫಾರ್ಮರು 11,000 ವೋಲ್ಟುಗಳನ್ನು ಮನೆಯ 230ಕ್ಕೆ ಇಳಿಸುವುದೂ ಈ ತತ್ತ್ವದಿಂದಲೇ.

ಒಲೆಯ ಗಾಜಿನ ಕೆಳಗೂ ತಾಮ್ರದ ತಂತಿಯ ಸುರುಳಿಯುಂಟು. ಅದರೊಳಗಿನ ಪ್ರವಾಹವು ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವುದು. ಆ ಚಂಚಲವಾದ ಕಾಂತಬಲವು ಕಬ್ಬಿಣದ ಪಾತ್ರೆಯ ತಳದಲ್ಲಿ ಪ್ರವಾಹದ ಸುಳಿಗಳನ್ನು ಎಬ್ಬಿಸುವುದು. ಕಬ್ಬಿಣವು ಅವಕ್ಕೆ ಅಡ್ಡಿಯಾಗಲು ತಳವು ಕಾಯುವುದು. ಅಂದರೆ, ಇಲ್ಲಿ ಪಾತ್ರೆಯೇ ಒಲೆಯಾಗುವುದು! ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂಗಳು ಅಯಸ್ಕಾಂತಕ್ಕೆ ಒಲಿಯವು, ಪ್ರವಾಹವನ್ನು ಅಷ್ಟಾಗಿ ತಡೆಯವು. ಆದುದರಿಂದ ಸಾಮಾನ್ಯವಾದ ಇಂತಹ ಒಲೆಗಳ ಮೇಲೆ ಅವು ಕಾಯುವುದಿಲ್ಲ.

ಅಯಸ್ಸೆಂದರೆ ಕಬ್ಬಿಣ, ಅದಕ್ಕೆ ಪ್ರಿಯವಾದುದು ಅಯಸ್ಕಾಂತ. ಪಾತ್ರೆಯ ಪರೀಕ್ಷೆಯು ಈ ಹೆಸರಿನಲ್ಲಿಯೇ ಇದೆ. ಅಂಗಡಿಗೆ ಸಣ್ಣ ಅಯಸ್ಕಾಂತವೊಂದನ್ನು ಒಯ್ದು ಪಾತ್ರೆಯ ತಳಕ್ಕೆ ಹಿಡಿಯಿರಿ. ಬಿಗಿಯಾಗಿ ಅಂಟಿದರೆ ಕೊಳ್ಳಿರಿ. ಎಲ್ಲ ಸ್ಟೀಲು ಪಾತ್ರೆಗಳಿಗೂ ಅದು ಅಂಟದು.

ಇಷ್ಟನ್ನು ತಿಳಿದ ನಾನೇ ಒಂದು ತಪ್ಪು ಮಾಡಿದೆನು. “ಈ ಒಲೆಯಲ್ಲಿ ಬೆಂಕಿಯೇ ಇಲ್ಲ, ಮಗು” ಎಂದು ಮೊಮ್ಮಗನಿಗೆ ಹೇಳಿದ್ದೆನು. ಪಾತ್ರೆಯನ್ನು ಇಳಿಸಿದೊಡನೆ ಅವನು ಗಾಜಿನ ಮೇಲೆ ಅಂಗೈಯಿಟ್ಟನು, ಬೊಬ್ಬೆಯೆದ್ದಿತು. ಕಾದ ಪಾತ್ರೆಯ ಬಿಸಿಯು ಗಾಜಿಗೂ ಇಳಿದಿರುವುದೆಂಬ ಮಾತನ್ನು ನಾನು ಹೇಳದೆ ಬಿಟ್ಟಿದ್ದೆನು. ನಲವತ್ತು ವರ್ಷ ಪಾಠ ಹೇಳಿದವನಿಗೆ ಅರ್ಧ ಪಾಠದ ಅಪಾಯವು ಅಂದು ತಿಳಿಯಿತು. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿರಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇಂತಹ ಒಲೆಯನ್ನು ಬಳಸುವ ಮುನ್ನ ವೈದ್ಯರನ್ನು ಕೇಳತಕ್ಕದ್ದು.

ಮೊಮ್ಮಗನ ಕೈಯು ಮಾಯಿತು. ತಪ್ಪಲೆಯು ಗುಜರಿಗೆ ಹೋಗಲಿಲ್ಲ. ಪಕ್ಕದ ಗ್ಯಾಸಿನ ಒಲೆಯ ಮೇಲೆ ಅದರಲ್ಲಿ ಎಂದಿನಂತೆ ಹಾಲು ಉಕ್ಕುತ್ತಿದೆ.